ಸಾಲ ಸಿಗಬೇಕಾದ್ದು ಆರ್‌ಆರ್ ನಂಬರಿಗೆ

ಮನೆಯ ತಾರಸಿಯ ಮೇಲೆ ಸೌರಫಲಕ ಹಾಕಿಸುವುದು ಉಳ್ಳವರ ಹವ್ಯಾಸ ಎನ್ನುವ ಕಾಲ ಹೋಯಿತು. ಕೇಂದ್ರ ಸಚಿವ ಸಂಪುಟ 2024ರ ಫೆಬ್ರುವರಿ 29ರಂದು ಒಪ್ಪಿಗೆ ಕೊಟ್ಟ ಪಿ.ಎಂ. ಸೂರ್ಯಘರ್ ಯೋಜನೆಗೆ 75,021 ಕೋಟಿ ರೂಪಾಯಿ ಮೀಸಲಿದೆ. ಗುರಿ ಒಂದು ಕೋಟಿ ಮನೆ. ಮೊದಲ ಎರಡು ಕಿಲೋವ್ಯಾಟ್‌ಗೆ ತಲಾ 30,000 ರೂಪಾಯಿ, ಮೂರನೆಯದಕ್ಕೆ 18,000, ಹೀಗೆ ಒಂದು ಮನೆಗೆ ಗರಿಷ್ಠ 78,000 ರೂಪಾಯಿ ಸಹಾಯಧನ ಸಿಗುತ್ತದೆ. ಸರ್ಕಾರಿ ಬ್ಯಾಂಕುಗಳು ಅಡಮಾನವಿಲ್ಲದೆ, ಗೃಹಸಾಲಕ್ಕಿಂತ ಹೆಚ್ಚಿಲ್ಲದ ಬಡ್ಡಿಗೆ ಸಾಲ ಕೊಡುತ್ತವೆ. ಇಷ್ಟಾದರೂ ಪೀಣ್ಯದ ಮೇಲ್ಸೇತುವೆಯಿಂದಲೋ ಎಲೆಕ್ಟ್ರಾನಿಕ್ ಸಿಟಿಯ ಎತ್ತರಿಸಿದ ರಸ್ತೆಯಿಂದಲೋ ಕಣ್ಣು ಹಾಯಿಸಿದರೆ ಕಾಣುವುದು ನೀರಿನ ಟ್ಯಾಂಕು, ವಾಟರ್ ಹೀಟರ್, ಬಟ್ಟೆ ಒಣಹಾಕುವ ತಂತಿ; ವಿದ್ಯುತ್ ಉತ್ಪಾದಿಸುವ ಫಲಕ ಅಪರೂಪ. ಗುಜರಾತ್, ಮಹಾರಾಷ್ಟ್ರ, ನೆರೆಯ ಕೇರಳ ಈ ಯೋಜನೆಯಲ್ಲಿ ಬಹಳ ಮುಂದೆ ಹೋಗಿವೆ, ಕರ್ನಾಟಕ ಹಿಂದೆ ಉಳಿದಿದೆ. ಇದಕ್ಕೆ ಜನರ ಅಜ್ಞಾನವನ್ನಾಗಲೀ ಫಲಕದ ಬೆಲೆಯನ್ನಾಗಲೀ ದೂರುವುದು ಸರಿಯಲ್ಲ. ತೊಡಕಿರುವುದು ಹಣಕಾಸಿನ ಏರ್ಪಾಡಿನಲ್ಲಿ. ಸ್ವಂತ ತಾರಸಿ, ತನ್ನದೇ ಹೆಸರಿನ ದೊಡ್ಡ ಬಿಲ್ಲು, ಬ್ಯಾಂಕು ಒಪ್ಪುವ ಆದಾಯ, ಈ ಮೂರೂ ಒಬ್ಬರ ಬಳಿಯೇ ಇರುತ್ತವೆ ಎಂಬ ಲೆಕ್ಕದಲ್ಲಿ ಸಾಲವೂ ಸಹಾಯಧನವೂ ರೂಪುಗೊಂಡಿವೆ. ಬೆಂಗಳೂರಿನ ಹೊರವಲಯದಲ್ಲಿ ಈ ಮೂರೂ ಬೇರೆ ಬೇರೆಯವರ ಕೈಯಲ್ಲಿವೆ.

ಮೂರೂ ಒಂದೇ ಕಡೆ ಇದ್ದಾಗ ಲೆಕ್ಕ ಎಷ್ಟು ಚೆನ್ನಾಗಿ ಕೂಡಿಬರುತ್ತದೆ ಎಂಬುದನ್ನು ಮೊದಲು ನೋಡೋಣ. ವೈಟ್‌ಫೀಲ್ಡ್ ಕಡೆಯ ಒಂದು ಸ್ವತಂತ್ರ ಮನೆ, ತಿಂಗಳಿಗೆ 350 ಯೂನಿಟ್ ಬಳಕೆ ಎಂದಿಟ್ಟುಕೊಳ್ಳಿ. ಮೂರು ಕಿಲೋವ್ಯಾಟ್ ಘಟಕಕ್ಕೆ ಎಲ್ಲ ಸೇರಿ 1,90,000 ರೂಪಾಯಿ ಹಿಡಿದರೆ, ಸಹಾಯಧನ ಕಳೆದು ಉಳಿಯುವುದು 1,12,000. ಶೇ 7ರ ಬಡ್ಡಿಯಲ್ಲಿ ಹತ್ತು ವರ್ಷಕ್ಕೆ ಸಾಲ ಪಡೆದರೆ ಕಂತು ಸುಮಾರು 1,300 ರೂಪಾಯಿ. ಬೆಂಗಳೂರಿನ ಬಿಸಿಲಿಗೆ ಒಂದು ಕಿಲೋವ್ಯಾಟ್ ದಿನಕ್ಕೆ ಸರಾಸರಿ ನಾಲ್ಕು ಯೂನಿಟ್‌ಗೆ ಹತ್ತಿರ ಕೊಡುತ್ತದೆ. ಮಳೆ, ಮೋಡ, ಧೂಳನ್ನೆಲ್ಲ ಕಳೆದು ಮೂರು ಕಿಲೋವ್ಯಾಟ್‌ನಿಂದ ತಿಂಗಳಿಗೆ 330 ಯೂನಿಟ್ ಎನ್ನಬಹುದು. 2025–26ರಲ್ಲಿ ಬೆಂಗಳೂರಿಗೆ ವಿದ್ಯುತ್ ಪೂರೈಸುವ ಬೆಸ್ಕಾಂನ ಗೃಹಬಳಕೆಯ ದರ ಯೂನಿಟ್‌ಗೆ 5 ರೂಪಾಯಿ 80 ಪೈಸೆ. ನೌಕರರ ಪಿಂಚಣಿ ಬಾಬ್ತಿನ 36 ಪೈಸೆ ಮತ್ತು ಶೇ 9ರ ವಿದ್ಯುತ್ ತೆರಿಗೆ ಸೇರಿದರೆ ಆರೂವರೆ ರೂಪಾಯಿ ದಾಟುತ್ತದೆ. ಅಂದರೆ ತಿಂಗಳಿಗೆ 2,100 ರೂಪಾಯಿಯ ಉಳಿತಾಯ, 1,300 ರೂಪಾಯಿಯ ಕಂತು. ಮೊದಲ ತಿಂಗಳಿನಿಂದಲೇ ಕೈಯಲ್ಲಿ ಹಣ ಉಳಿಯುತ್ತದೆ. ಹಾಕಿದ ಅಸಲು ನಾಲ್ಕೂವರೆ ವರ್ಷದೊಳಗೆ ಹುಟ್ಟುತ್ತದೆ. ಫಲಕ ಬಾಳುವುದು 25 ವರ್ಷ. ನಡುವೆ ಒಮ್ಮೆ ಇನ್ವರ್ಟರ್ ಬದಲಿಸುವ ಖರ್ಚನ್ನು ಸೇರಿಸಿದರೂ ಇಷ್ಟು ಲಾಭದ ಗೃಹಕೃತ್ಯ ಇನ್ನೊಂದಿಲ್ಲ.

ಕಾಗದದ ಲೆಕ್ಕಕ್ಕೂ ತಾರಸಿಯ ವಾಸ್ತವಕ್ಕೂ ಸ್ವಲ್ಪ ಅಂತರವಿದೆ, ಅದನ್ನು ಮುಚ್ಚಿಡಬಾರದು. 30–40ರ ನಿವೇಶನದಲ್ಲಿ ಕಟ್ಟಿದ ಮನೆಯ ತಾರಸಿಯಲ್ಲಿ ಮೂರು ಕಿಲೋವ್ಯಾಟ್‌ಗೆ ಸುಮಾರು 300 ಚದರಡಿ ನೆರಳಿಲ್ಲದ ಜಾಗ ಬೇಕು. ಮೆಟ್ಟಿಲ ಮೇಲಿನ ಕೋಣೆಯ ನೆರಳು, ಟ್ಯಾಂಕಿನ ನೆರಳು, ಪಕ್ಕದಲ್ಲಿ ಎದ್ದ ನಾಲ್ಕಂತಸ್ತಿನ ನೆರಳು ಎಲ್ಲವನ್ನೂ ತಪ್ಪಿಸಬೇಕು. ಫಲಕಗಳನ್ನು ಒಂದೇ ಸಾಲಾಗಿ ಜೋಡಿಸಿರುವುದರಿಂದ ಒಂದರ ಮೇಲೆ ಬಿದ್ದ ನೆರಳು ಇಡೀ ಸಾಲಿನ ಉತ್ಪಾದನೆಯನ್ನು ತಗ್ಗಿಸುತ್ತದೆ. ಅದಕ್ಕಾಗಿಯೇ ಬೆಂಗಳೂರಿನಲ್ಲಿ ಬಹಳ ಮಂದಿ ಆಳೆತ್ತರದ ಕಬ್ಬಿಣದ ಚೌಕಟ್ಟಿನ ಮೇಲೆ ಫಲಕ ಕೂರಿಸುತ್ತಾರೆ. ಆ ಹೆಚ್ಚುವರಿ ಖರ್ಚಿಗೆ ಸಹಾಯಧನವಿಲ್ಲ. ಸಹಾಯಧನ ಬೇಕಾದರೆ ಕೋಶವೂ ಫಲಕವೂ ಭಾರತದಲ್ಲೇ ತಯಾರಾಗಿರಬೇಕು, ಅವುಗಳ ಬೆಲೆ ಆಮದು ಮಾಲಿಗಿಂತ ಹೆಚ್ಚು. 2025ರ ಸೆಪ್ಟೆಂಬರ್‌ನಲ್ಲಿ ಜಿಎಸ್‌ಟಿ ಶೇ 12ರಿಂದ 5ಕ್ಕೆ ಇಳಿದದ್ದು ಈ ಹೊರೆಯನ್ನು ತುಸು ಹಗುರ ಮಾಡಿದೆ. ಸಹಾಯಧನ ಖಾತೆಗೆ ಬರುವುದು ಘಟಕ ಚಾಲೂ ಆದ ಮೇಲೆ. ಅಲ್ಲಿಯವರೆಗೆ ಪೂರ್ತಿ ಮೊತ್ತವನ್ನು ಮನೆಯವರೇ ಹೊಂದಿಸಬೇಕು. ಕರೆಂಟು ಹೋದಾಗ, ಲೈನ್‌ಮನ್‌ಗಳ ಸುರಕ್ಷತೆಗಾಗಿ, ಬ್ಯಾಟರಿಯಿಲ್ಲದ ಘಟಕವೂ ತಾನಾಗಿ ನಿಲ್ಲುತ್ತದೆ ಎಂಬುದನ್ನು ಮಾರುವವರು ಮೊದಲೇ ಹೇಳುವುದು ಕಡಿಮೆ. ಇನ್ನು ನಿಗದಿತ ಶುಲ್ಕ. ಕಿಲೋವ್ಯಾಟ್‌ಗೆ 120 ಇದ್ದದ್ದು 2025–26ರಲ್ಲಿ 145 ರೂಪಾಯಿ ಆಯಿತು, ಅದೇ ಆದೇಶದಲ್ಲಿ ಯೂನಿಟ್ ದರ 5.90ರಿಂದ 5.80ಕ್ಕೆ ಇಳಿಯಿತು. ಬಿಸಿಲು ಉಳಿಸುವುದು ಯೂನಿಟ್ ಹಣವನ್ನು ಮಾತ್ರ, ನಿಗದಿತ ಶುಲ್ಕ ತೆರಲೇಬೇಕು. ಇಷ್ಟೆಲ್ಲ ಸೇರಿದರೂ ದೊಡ್ಡ ಬಿಲ್ಲಿನ ಸ್ವಂತ ಮನೆಯವರಿಗೆ ಲೆಕ್ಕ ತಪ್ಪುವುದಿಲ್ಲ. ಅಸಲು ಹುಟ್ಟಲು ಒಂದೆರಡು ವರ್ಷ ಹೆಚ್ಚು ಹಿಡಿಯಬಹುದು, ಅಷ್ಟೇ.

ಲೆಕ್ಕ ಪೂರಾ ತಲೆಕೆಳಗಾಗುವುದು ಸಣ್ಣ ಬಿಲ್ಲಿನ ಮನೆಗಳಲ್ಲಿ. 2023ರ ಆಗಸ್ಟ್‌ನಿಂದ ರಾಜ್ಯ ಸರ್ಕಾರದ ಗೃಹಜ್ಯೋತಿ ಯೋಜನೆಯ ಶೂನ್ಯ ಬಿಲ್ಲು ಬರುತ್ತಿದೆ. ಹಿಂದಿನ ವರ್ಷದ ಸರಾಸರಿ ಬಳಕೆಗೆ ಶೇ 10 ಸೇರಿಸಿ, 200 ಯೂನಿಟ್‌ವರೆಗೆ ಸರ್ಕಾರವೇ ಹಣ ಕಟ್ಟುತ್ತದೆ. ಬಾಡಿಗೆಯವರಿಗೂ ಈ ಸೌಲಭ್ಯವಿದೆ, ಅದೇ ಅದರ ದೊಡ್ಡ ಗುಣ. ದುಡಿಯುವ ಕುಟುಂಬದ ಕೈಯಲ್ಲಿ ತಿಂಗಳಿಗೆ ಐನೂರು, ಸಾವಿರ ರೂಪಾಯಿ ಉಳಿಯುವುದು ಸಣ್ಣ ಮಾತಲ್ಲ. ಆದರೆ ಬಿಲ್ಲೇ ಇಲ್ಲದ ಮನೆಗೆ ಬಿಲ್ಲು ಉಳಿಸುವ ಫಲಕದಿಂದ ಏನೂ ಸಿಗುವುದಿಲ್ಲ. ಉತ್ಪಾದಿಸಿದ್ದನ್ನೆಲ್ಲ ಬೆಸ್ಕಾಂಗೆ ಮಾರೋಣವೆಂದರೆ, ಸಹಾಯಧನ ಪಡೆದ ಘಟಕದ ಹೆಚ್ಚುವರಿ ವಿದ್ಯುತ್ತಿಗೆ ಸಿಗುವ ದರ ನಾವು ಕಟ್ಟುವ ದರದ ಅರ್ಧದಷ್ಟೂ ಇಲ್ಲ. 2013ರಲ್ಲಿ ಕರ್ನಾಟಕ ವಿದ್ಯುತ್ ನಿಯಂತ್ರಣ ಆಯೋಗ ಚಾವಣಿ ವಿದ್ಯುತ್ತಿಗೆ ಯೂನಿಟ್‌ಗೆ 9 ರೂಪಾಯಿ 56 ಪೈಸೆ ನಿಗದಿ ಮಾಡಿತ್ತು. ಆಗ ಫಲಕ ದುಬಾರಿಯಾಗಿತ್ತು, ಹಣವಿದ್ದವರಷ್ಟೇ ಹಾಕಿಸಿ ಆ ದರದ ಲಾಭ ಪಡೆದರು. ಈಗ ಫಲಕ ಅಗ್ಗವಾಗಿ ಸಾಮಾನ್ಯರ ಕೈಗೆ ಎಟಕುವಂತಾದ ಹೊತ್ತಿಗೆ ಮಾರಿ ಗಳಿಸುವ ದಾರಿ ಮುಚ್ಚಿದೆ. ದರ ಇಳಿದದ್ದು ನ್ಯಾಯವೇ. ಫಲಕದ ಬೆಲೆ ಬಿದ್ದ ಮೇಲೆ ಹಳೆಯ ದರ ಕೊಟ್ಟರೆ ಅದರ ಭಾರ ಬೇರೆ ಗ್ರಾಹಕರ ಮೇಲೆ ಬೀಳುತ್ತಿತ್ತು. ದರ ಇಳಿದದ್ದರ ಫಲವಾಗಿ, ಸ್ವಂತ ಬಳಕೆಯ ದೊಡ್ಡ ಬಿಲ್ಲಿದ್ದವರಿಗೆ ಮಾತ್ರ ಈಗ ಸೌರಫಲಕ ಲಾಭದ್ದು.

ಪೀಣ್ಯದ ಸುತ್ತಲಿನ ಲಗ್ಗೆರೆ, ಹೆಗ್ಗನಹಳ್ಳಿ, ರಾಜಗೋಪಾಲನಗರ, ದಾಸರಹಳ್ಳಿಗಳ ಕಟ್ಟಡವೊಂದನ್ನು ಹತ್ತಿರದಿಂದ ನೋಡಿದರೆ ಸಮಸ್ಯೆಯ ಆಕಾರ ಸ್ಪಷ್ಟವಾಗುತ್ತದೆ. 20–30ರ ನಿವೇಶನ, ನೆಲಮಹಡಿ ಸೇರಿ ನಾಲ್ಕು ಅಂತಸ್ತು, ಮೆಟ್ಟಿಲ ಕೆಳಗಿನ ಮರದ ಹಲಗೆಯ ಮೇಲೆ ಐದಾರು ಮೀಟರ್. ಪ್ರತಿ ಮೀಟರಿಗೂ ಒಂದು ಆರ್‌ಆರ್ ನಂಬರ್, ಅಂದರೆ ಸಂಪರ್ಕದ ಗುರುತಿನ ಸಂಖ್ಯೆ. ಒಂದು ಮಾಲೀಕರದು, ಮಿಕ್ಕವು ಬಾಡಿಗೆ ಮನೆಗಳವು, ಇನ್ನೊಂದು ನೀರಿನ ಮೋಟಾರಿನದು. ತಾರಸಿಯ ಬೀಗದ ಕೈ ಮಾಲೀಕರ ಬಳಿ. ಬಿಲ್ಲು ಬಾಡಿಗೆಯವರದು, ಗೃಹಜ್ಯೋತಿ ಇದ್ದರೆ ಸರ್ಕಾರದ್ದು. ಫಲಕಕ್ಕೆ ಲಕ್ಷ ರೂಪಾಯಿ ಹಾಕಿದ ಮಾಲೀಕರಿಗೆ ಬಾಡಿಗೆ ಮನೆಗಳ ಉಳಿತಾಯ ಬರುವುದಿಲ್ಲ. ಬಾಡಿಗೆಯವರು ತಮ್ಮದಲ್ಲದ ತಾರಸಿಗೆ ಹತ್ತು ವರ್ಷದ ಸಾಲ ಮಾಡುವುದಿಲ್ಲ, ಹನ್ನೊಂದು ತಿಂಗಳ ಕರಾರಿನಲ್ಲಿರುವವರನ್ನು ಹಾಗೆ ಕೇಳುವುದೂ ಸಲ್ಲದು. ಗ್ರಿಡ್‌ಗೆ ಕೊಟ್ಟದ್ದನ್ನೂ ಅಲ್ಲಿಂದ ಪಡೆದದ್ದನ್ನೂ ಅಳೆಯುವ ನೆಟ್ ಮೀಟರ್ ಸಾಮಾನ್ಯವಾಗಿ ಒಂದೇ ಆರ್‌ಆರ್ ನಂಬರಿಗೆ ಜೋಡಣೆಯಾಗುವುದರಿಂದ ಐದು ಮನೆಗಳಿಗೆ ಹಂಚುವುದೂ ಸುಲಭವಲ್ಲ. ಪಕ್ಕದ ಕೈಗಾರಿಕಾ ಶೆಡ್ಡುಗಳ ಕಥೆಯೂ ಇದೇ ಬಗೆಯದು. ಶೆಡ್ಡು ಬಾಡಿಗೆಯದು, ಹಳೆಯ ಶೀಟು ಭಾರ ತಾಳುವುದಿಲ್ಲ, ಸೂರ್ಯಘರ್ ಸಹಾಯಧನ ಕೈಗಾರಿಕೆಗೆ ಅನ್ವಯಿಸುವುದಿಲ್ಲ. ಹಗಲು ಹೊತ್ತಿನಲ್ಲೇ ಯಂತ್ರ ಓಡಿಸುವ, ಬಿಸಿಲಿಗೆ ಹೇಳಿಮಾಡಿಸಿದಂಥ ಬಳಕೆಯಿರುವ ಸಣ್ಣ ಘಟಕಗಳೇ ಹೊರಗುಳಿದಿವೆ.

ವೈಟ್‌ಫೀಲ್ಡ್ ಮತ್ತು ಎಲೆಕ್ಟ್ರಾನಿಕ್ ಸಿಟಿಯಲ್ಲಿ ಇದೇ ತೊಡಕು ಅಪಾರ್ಟ್‌ಮೆಂಟಿನ ರೂಪದಲ್ಲಿದೆ. ಹನ್ನೆರಡು ಅಂತಸ್ತಿನ ನೂರು ಫ್ಲ್ಯಾಟುಗಳ ಕಟ್ಟಡದ ತಾರಸಿ ಎಲ್ಲರದು, ಹಾಗಾಗಿ ಯಾರೊಬ್ಬರದೂ ಅಲ್ಲ. ಟ್ಯಾಂಕು, ಲಿಫ್ಟ್ ಕೋಣೆ, ವಾಟರ್ ಹೀಟರ್ ಕಳೆದು ಐವತ್ತು ಕಿಲೋವ್ಯಾಟ್‌ಗೆ ಜಾಗ ಸಿಕ್ಕರೆ ಅದು ಫ್ಲ್ಯಾಟಿಗೆ ಅರ್ಧ ಕಿಲೋವ್ಯಾಟ್ ಮಾತ್ರ. ಆದರೆ ಲಿಫ್ಟು, ನೀರೆತ್ತುವ ಪಂಪು, ದಿನವಿಡೀ ಓಡುವ ಕೊಳಚೆ ನೀರು ಶುದ್ಧೀಕರಣ ಘಟಕ, ಇವುಗಳ ಬಿಲ್ಲಿಗೆ ಐವತ್ತು ಕಿಲೋವ್ಯಾಟ್ ದೊಡ್ಡ ಆಸರೆ. ತಿಂಗಳಿಗೆ 5,500 ಯೂನಿಟ್, ಅಂದರೆ 35,000 ರೂಪಾಯಿಯಷ್ಟು ಉಳಿತಾಯ. ಇಂಥ ಕಟ್ಟಡಗಳ ನಿವಾಸಿಗಳ ಸಂಘಗಳಿಗೆ ಸೂರ್ಯಘರ್ ಕಿಲೋವ್ಯಾಟ್‌ಗೆ 18,000 ರೂಪಾಯಿ ಕೊಡುತ್ತದೆ, 500 ಕಿಲೋವ್ಯಾಟ್‌ವರೆಗೆ. ಉಳಿದ ಹಣಕ್ಕೆ ಸಂಘ ಬ್ಯಾಂಕಿನ ಮುಂದೆ ನಿಂತರೆ ಅಡವಿಡಲು ಆಸ್ತಿಯಿಲ್ಲ. ಕಾರ್ಪಸ್ ಫಂಡ್ ಮುಟ್ಟಬೇಕಾದರೆ ಸರ್ವಸದಸ್ಯರ ಸಭೆಯ ಒಪ್ಪಿಗೆ ಬೇಕು, ಅರ್ಧಕ್ಕರ್ಧ ಮಾಲೀಕರು ಬೇರೆ ಊರಿನಲ್ಲಿರುತ್ತಾರೆ. ಬಿಲ್ಡರ್ ಇನ್ನೂ ತಾರಸಿಯ ಹಕ್ಕು ಬಿಟ್ಟುಕೊಡದ ಕಡೆಗಳಲ್ಲಿ ಮಾತೇ ಮುಂದುವರಿಯುವುದಿಲ್ಲ. ಆದಾಯವಿದೆ, ಬಿಸಿಲಿದೆ, ಸಹಾಯಧನವೂ ಇದೆ. ಸಾಲ ತೆಗೆದುಕೊಳ್ಳಬಲ್ಲ ಒಂದು ಹೆಸರು ಇಲ್ಲ.

ಇಂಥ ಗಂಟುಗಳನ್ನು ಬಿಡಿಸಿದ ಅನುಭವ ಕರ್ನಾಟಕಕ್ಕೆ ಇದೆ. ಬೆಂಗಳೂರಿನ ತಾರಸಿಗಳಲ್ಲಿ ವಾಟರ್ ಹೀಟರ್ ಈ ಪರಿ ತುಂಬಿಕೊಂಡದ್ದು ಜನ ಒಬ್ಬೊಬ್ಬರಾಗಿ ಲಾಭದ ಲೆಕ್ಕ ಹಾಕಿದ್ದರಿಂದಲ್ಲ. ಅದಿಲ್ಲದ ಹೊಸ ಕಟ್ಟಡಕ್ಕೆ ವಿದ್ಯುತ್ ಸಂಪರ್ಕವಿಲ್ಲ ಎಂಬ ನಿಯಮ ಬಂತು, ಹಾಕಿಸಿದವರ ಬಿಲ್ಲಿನಲ್ಲಿ ತಿಂಗಳಿಗೆ 50 ರೂಪಾಯಿವರೆಗೆ ರಿಯಾಯಿತಿ ಸಿಕ್ಕಿತು. ಬಿಸಿನೀರು ಬಾಡಿಗೆಯವರದಾದರೂ ಮಾಲೀಕರು ಹಾಕಿಸಿದರು. ಸಾಲದ ವಿಷಯದಲ್ಲೂ ದಾರಿ ತೋರಿಸಿದ್ದು ನಮ್ಮವರೇ. 2003ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ ಕೆನರಾ ಬ್ಯಾಂಕ್ ಮತ್ತು ಸಿಂಡಿಕೇಟ್ ಬ್ಯಾಂಕ್ ಜೊತೆಗೂಡಿ, ಬಡ್ಡಿಯ ಒಂದು ಪಾಲನ್ನು ತಾನು ಭರಿಸಿ, ಸಾವಿರಾರು ಮನೆಗಳಿಗೆ ಸೌರದೀಪದ ಸಾಲ ಕೊಡಿಸಿತು. ಅಲ್ಲಿಯವರೆಗೆ ಸೋಲಾರ್ ಎಂದರೆ ಹಿಂದೆ ಸರಿಯುತ್ತಿದ್ದ ಶಾಖಾ ವ್ಯವಸ್ಥಾಪಕರು ಅದನ್ನೂ ಎಮ್ಮೆ ಸಾಲ, ಪಂಪ್‌ಸೆಟ್ ಸಾಲದಂತೆ ಕಾಣಲು ಕಲಿತರು. 1995ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಸೆಲ್ಕೋ ಸಂಸ್ಥೆಯ ಹರೀಶ್ ಹಂದೆ ಅವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದದ್ದರ ಹಿಂದೆಯೂ ಇದೇ ತಿಳಿವಳಿಕೆ ಇದೆ. ದಿನಗೂಲಿಯವರಿಗೆ ದಿನದ ಕಂತು, ಬೆಳೆಗಾರರಿಗೆ ಸುಗ್ಗಿಯ ಕಂತು. ಆದಾಯ ಬರುವ ರೀತಿಗೆ ಸಾಲ ಹೊಂದಿಕೊಳ್ಳಬೇಕು.

ಹೊರವಲಯದ ಬೆಂಗಳೂರಿಗೆ ಹೊಂದುವ ಸಾಲ ಯಾವುದು? ಸಾಲವನ್ನು ವ್ಯಕ್ತಿಯ ಹೆಸರಿಗೆ ಬರೆಯುವ ಬದಲು ಆರ್‌ಆರ್ ನಂಬರಿಗೆ ಬರೆಯಬೇಕು ಎಂಬುದು ನನ್ನ ವಾದ. ಬಾಡಿಗೆಯವರು ಬದಲಾಗುತ್ತಾರೆ, ಮಾಲೀಕರು ಮನೆ ಮಾರುತ್ತಾರೆ, ಸಂಘದ ಪದಾಧಿಕಾರಿಗಳು ವರ್ಷಕ್ಕೊಮ್ಮೆ ಹೊಸಬರಾಗುತ್ತಾರೆ. ಆರ್‌ಆರ್ ನಂಬರ್ ಮಾತ್ರ ಗೋಡೆಗೆ ಅಂಟಿಕೊಂಡು ಉಳಿಯುತ್ತದೆ. ಬ್ಯಾಂಕು ಹಣ ಹಾಕಲಿ, ಬೆಸ್ಕಾಂ ಕಂತನ್ನು ಬಿಲ್ಲಿನಲ್ಲೇ ಸೇರಿಸಿ ವಸೂಲಿ ಮಾಡಲಿ. ನಿಯಮ ಒಂದೇ: ಬಿಲ್ಲು ಯಾರು ಕಟ್ಟುತ್ತಾರೋ ಕಂತೂ ಅವರದು, ಮತ್ತು ಕಂತು ಆ ಫಲಕದಿಂದಾದ ಉಳಿತಾಯವನ್ನು ಮೀರಕೂಡದು. ಅಮೆರಿಕದ ಕೆಂಟಕಿಯ ಗ್ರಾಮೀಣ ವಿದ್ಯುತ್ ಸಹಕಾರ ಸಂಘಗಳು ಮನೆಗಳ ಶಾಖರಕ್ಷಣೆಗೆ ಹೀಗೆ ಮೀಟರಿಗೆ ಕಟ್ಟಿದ ಹಣ ಕೊಟ್ಟಿವೆ. ಮನೆ ಬಿಟ್ಟವರ ಹಿಂದೆ ಸಾಲ ಹೋಗುವುದಿಲ್ಲ. ಕ್ಯಾಲಿಫೋರ್ನಿಯಾದ ಬರ್ಕ್ಲಿ ನಗರ 2008ರಲ್ಲಿ ಸೌರಫಲಕದ ಸಾಲವನ್ನು ಆಸ್ತಿ ತೆರಿಗೆಗೆ ಸೇರಿಸಿತು. ಆ ಮಾದರಿ ಹರಡಿದಾಗ ಉಳಿತಾಯಕ್ಕಿಂತ ಕಂತೇ ಹೆಚ್ಚಾಗಿ ಎಷ್ಟೋ ಕುಟುಂಬಗಳು ನರಳಿದವು. ಉಳಿತಾಯದ ಮಿತಿಯನ್ನು ಮೊದಲೇ ಹಾಕಬೇಕು ಎನ್ನುವುದು ಅಲ್ಲಿಂದ ಕಲಿಯಬೇಕಾದ ಪಾಠ. ಇದಕ್ಕೆ ಹೊಸ ಕಾನೂನು ಕಾಯಬೇಕಿಲ್ಲ. ವಿದ್ಯುತ್ ಕಂಪನಿಗಳೇ ಮನೆಗಳ ಪರವಾಗಿ ಘಟಕ ಹಾಕಿಸುವ ಮಾದರಿಗೆ ಸೂರ್ಯಘರ್ ನಿಯಮಗಳಲ್ಲಿ ಅವಕಾಶವಿದೆ. ಒಂದು ತಾರಸಿಯ ವಿದ್ಯುತ್ತನ್ನು ಹಲವು ಮೀಟರುಗಳಿಗೆ ಹಂಚುವ ವರ್ಚುವಲ್ ನೆಟ್ ಮೀಟರಿಂಗ್‌ಗೆ ದೆಹಲಿ 2019ರಲ್ಲೇ ನಿಯಮ ಮಾಡಿತು, ನಮ್ಮ ಆಯೋಗವೂ 2025ರಲ್ಲಿ ಬಾಗಿಲು ತೆರೆದಿದೆ. ಅದನ್ನು ದೊಡ್ಡ ಸಮುಚ್ಚಯಗಳಿಗಷ್ಟೇ ಬಿಡದೆ ಐದು ಮೀಟರಿನ ವಠಾರಕ್ಕೂ ಇಳಿಸಬೇಕು.

ಬಿಲ್ಲು ಕಟ್ಟುವವರದೇ ಕಂತು ಎಂದಮೇಲೆ ಶೂನ್ಯ ಬಿಲ್ಲಿನ ಮನೆಯಲ್ಲಿ ಕಂತು ಕಟ್ಟಬೇಕಾದ್ದು ರಾಜ್ಯ ಸರ್ಕಾರ. ಇದರಲ್ಲಿ ಸರ್ಕಾರಕ್ಕೇ ಲಾಭವಿದೆ. ತಿಂಗಳಿಗೆ 110 ಯೂನಿಟ್ ಬಳಸುವ ಮನೆಯ ಪರವಾಗಿ ಸರ್ಕಾರ, ನಿಗದಿತ ಶುಲ್ಕ ಬಿಟ್ಟು, ಸುಮಾರು 700 ರೂಪಾಯಿ ತೆರುತ್ತದೆ. ಅಷ್ಟು ವಿದ್ಯುತ್ತಿಗೆ ಒಂದು ಕಿಲೋವ್ಯಾಟ್ ಸಾಕು. ಅದಕ್ಕೆ 70,000 ರೂಪಾಯಿ ಹಿಡಿದರೂ ಕೇಂದ್ರದ 30,000 ಕಳೆದು 40,000ಕ್ಕೆ ಶೇ 7ರಲ್ಲಿ ಹತ್ತು ವರ್ಷದ ಕಂತು 465 ರೂಪಾಯಿ. ಮೊದಲ ತಿಂಗಳಿಂದಲೇ ಖಜಾನೆಗೆ 200 ರೂಪಾಯಿಗೂ ಹೆಚ್ಚು ಉಳಿಯುತ್ತದೆ. ಹತ್ತು ವರ್ಷದ ನಂತರ ಕಂತಿಲ್ಲ, ಇನ್ನೂ ಹದಿನೈದು ವರ್ಷ ವಿದ್ಯುತ್ ಬರುತ್ತದೆ. ಗೃಹಜ್ಯೋತಿಗೆ ವರ್ಷಕ್ಕೆ ಒಂಬತ್ತು ಸಾವಿರ ಕೋಟಿ ರೂಪಾಯಿಗೂ ಹೆಚ್ಚು ಖರ್ಚಾಗುತ್ತಿರುವಾಗ ಅದರ ಒಂದು ಪಾಲಾದರೂ ಆಸ್ತಿಯಾಗಿ ಉಳಿಯಬೇಕಲ್ಲವೇ? ಬಡವರ ಸೌಲಭ್ಯ ಕಸಿಯುವ ಹುನ್ನಾರ ಇದು ಎಂದು ಕೆಲವರು ಹೇಳಬಹುದು. ಆ ಭಯ ನಿರಾಧಾರವಲ್ಲ, ಆದ್ದರಿಂದ ಶೂನ್ಯ ಬಿಲ್ಲು ಶೂನ್ಯವಾಗಿಯೇ ಉಳಿಯುತ್ತದೆ ಎಂಬ ಖಾತ್ರಿ ಲಿಖಿತವಾಗಿರಬೇಕು. ತಿಂಗಳಿಗೆ ಐವತ್ತು ಯೂನಿಟ್ ಬಳಸುವ ಮನೆಗೆ ಈ ಲೆಕ್ಕ ಕೂಡುವುದಿಲ್ಲ, ಅಲ್ಲಿ ಈಗಿರುವ ವ್ಯವಸ್ಥೆಯೇ ಇರಲಿ. ಆಂಧ್ರಪ್ರದೇಶ ಪರಿಶಿಷ್ಟ ಜಾತಿ, ಪಂಗಡಗಳ ಮನೆಗಳಿಗೆ ಎರಡು ಕಿಲೋವ್ಯಾಟ್ ಫಲಕವನ್ನು ಉಚಿತವಾಗಿ ಹಾಕಿಸಲು ಹೊರಟಿದೆ. ಕಲ್ಯಾಣವೂ ಸೌರಶಕ್ತಿಯೂ ಒಟ್ಟಿಗೆ ಸಾಗಬಲ್ಲವು ಎಂಬುದಕ್ಕೆ ನೆರೆಮನೆಯ ಉದಾಹರಣೆಯೇ ಇದೆ.

ಆಕ್ಷೇಪಗಳು ಇನ್ನೂ ಇವೆ. ಪಾವಗಡದಲ್ಲಿ 13,000 ಎಕರೆಯ ಮೇಲೆ 2,050 ಮೆಗಾವ್ಯಾಟ್ ಸೌರ ಉದ್ಯಾನವಿರುವಾಗ, ದೊಡ್ಡ ಘಟಕಗಳ ವಿದ್ಯುತ್ ಯೂನಿಟ್‌ಗೆ ಮೂರು ರೂಪಾಯಿಯೊಳಗೆ ಸಿಗುವಾಗ, ತಾರಸಿಗೆ ಸಹಾಯಧನವೇಕೆ ಎಂದು ಕೇಳುತ್ತಾರೆ. ಪ್ರಶ್ನೆ ಸರಿಯಾದದ್ದೇ. ಆದರೆ ಮೂರು ರೂಪಾಯಿ ಪಾವಗಡದ ಬೇಲಿಯೊಳಗಿನ ಬೆಲೆ. ತಂತಿ, ಉಪಕೇಂದ್ರ, ಸೋರಿಕೆ ಎಲ್ಲ ದಾಟಿ ವೈಟ್‌ಫೀಲ್ಡಿನ ಸ್ವಿಚ್ಚಿಗೆ ಬರುವಾಗ ಅದು ಆರೂವರೆಯಾಗಿರುತ್ತದೆ. ತಾರಸಿಗೆ ಹೊಸ ಜಮೀನು ಬೇಕಿಲ್ಲ, ಹಗಲಿನ ಉತ್ಪಾದನೆ ಪಕ್ಕದ ಶೆಡ್ಡಿನಲ್ಲೇ ಖರ್ಚಾಗುತ್ತದೆ. ಎರಡನೆಯ ಆಕ್ಷೇಪ ಗಟ್ಟಿಯಾದದ್ದು. ಹೆಚ್ಚು ಬಳಸುವವರೆಲ್ಲ ಫಲಕ ಹಾಕಿಕೊಂಡು ಬಿಲ್ಲು ತಪ್ಪಿಸಿಕೊಂಡರೆ ಕಂಬ, ತಂತಿ, ನೌಕರರ ವೆಚ್ಚ ಉಳಿದವರ ಮೇಲೆ ಬೀಳುತ್ತದೆ. ನಿಗದಿತ ಶುಲ್ಕ ಏರುತ್ತಿರುವುದಕ್ಕೆ ಇದೂ ಒಂದು ಕಾರಣ. ಈಗಿನ ಏರ್ಪಾಡು ಮುಂದುವರಿದರೆ ಆಗುವುದು ಅದೇ: ಸ್ವಂತ ಮನೆಯವರು ಹೊರಬೀಳುತ್ತಾರೆ, ಬಾಡಿಗೆಯವರು ಭಾರ ಹೊರುತ್ತಾರೆ. ವಠಾರವನ್ನೂ ಅಪಾರ್ಟ್‌ಮೆಂಟನ್ನೂ ಒಳಗೊಳ್ಳುವ ಸಾಲ ಆ ಅನ್ಯಾಯವನ್ನು ಕಡಿಮೆ ಮಾಡುತ್ತದೆ. ಬೆಸ್ಕಾಂ ಬ್ಯಾಂಕಿನ ಕೆಲಸ ಮಾಡಬೇಕೇ ಎಂದರೆ, ಬೇಡ. ಸಾಲದ ನಿರ್ಧಾರ, ನಷ್ಟದ ಹೊಣೆ ಬ್ಯಾಂಕಿನದು. ಬೆಸ್ಕಾಂ ಈಗ ವಿದ್ಯುತ್ ತೆರಿಗೆಯನ್ನು ಹೇಗೆ ಬಿಲ್ಲಿನಲ್ಲಿ ವಸೂಲಿ ಮಾಡಿ ದಾಟಿಸುತ್ತದೋ ಹಾಗೆ ಕಂತನ್ನೂ ದಾಟಿಸಲಿ, ಅದಕ್ಕೆ ಶುಲ್ಕವನ್ನೂ ಪಡೆಯಲಿ. ಕಂತು ಬಾಕಿಯಾಯಿತೆಂದು ಬಾಡಿಗೆ ಮನೆಯ ಕರೆಂಟು ಕಡಿಯುವಂತಿಲ್ಲ ಎಂಬುದೂ ನಿಯಮದಲ್ಲಿರಲಿ. ಫಲಕ ಕೆಟ್ಟು ನಿಂತರೆ ಉಳಿತಾಯವಿಲ್ಲ, ಉಳಿತಾಯವಿಲ್ಲದಿದ್ದರೆ ಕಂತಿಲ್ಲ. ಆಗ ದುರಸ್ತಿಯ ಹೊಣೆ ಹಾಕಿಸಿದ ಕಂಪನಿಯ ಮೇಲೆಯೇ ನಿಲ್ಲುತ್ತದೆ.

ಮಾಲೀಕರಿಗೆ ಏನು ಸಿಗುತ್ತದೆ ಎಂಬುದು ಕೊನೆಯ ಪ್ರಶ್ನೆ, ಅದಕ್ಕೂ ಲೆಕ್ಕದಲ್ಲೇ ಉತ್ತರವಿದೆ. ಲಗ್ಗೆರೆಯ 20–30ರ ಕಟ್ಟಡದ ತಾರಸಿಯಲ್ಲಿ ಎರಡು ಕಿಲೋವ್ಯಾಟ್ ಹಿಡಿಸಿದರೆ ತಿಂಗಳಿಗೆ 220 ಯೂನಿಟ್, ಬೆಲೆ 1,400 ರೂಪಾಯಿ. ಸಹಾಯಧನ ಕಳೆದು ಉಳಿಯುವ 70,000ಕ್ಕೆ ಕಂತು 815 ರೂಪಾಯಿ. ಮಿಕ್ಕ 600 ರೂಪಾಯಿಯಲ್ಲಿ ಒಂದು ಪಾಲು ತಾರಸಿಯ ಬಾಡಿಗೆಯಾಗಿ ಮಾಲೀಕರಿಗೆ, ಇನ್ನೊಂದು ಪಾಲು ಬಿಲ್ಲು ಕಟ್ಟುವವರಿಗೆ ಹೋಗಲಿ. ಹತ್ತು ವರ್ಷದ ನಂತರ ಫಲಕ ಮಾಲೀಕರದೇ. ಇದು ಕೆಲಸ ಮಾಡುತ್ತದೆಯೇ ಎಂದು ತಿಳಿಯಲು ರಾಜ್ಯವಿಡೀ ಜಾರಿಗೆ ತರಬೇಕಾಗಿಲ್ಲ. ಪೀಣ್ಯದ ಒಂದು ಬೆಸ್ಕಾಂ ಉಪವಿಭಾಗದಲ್ಲಿ ವಠಾರಗಳು, ವೈಟ್‌ಫೀಲ್ಡಿನ ಒಂದರಲ್ಲಿ ಅಪಾರ್ಟ್‌ಮೆಂಟುಗಳು, ತನ್ನದೇ ಟೌನ್‌ಶಿಪ್ ಪ್ರಾಧಿಕಾರವಿರುವ ಎಲೆಕ್ಟ್ರಾನಿಕ್ ಸಿಟಿಯ ಸುತ್ತಲಿನ ಬಾಡಿಗೆ ಮನೆಗಳು, ಹೀಗೆ ಮೂರು ಕಡೆ ಎರಡು ವರ್ಷ ನಡೆಸಿ, ಬಿಲ್ಲು, ಕಂತು, ಬಾಕಿಯ ಅಂಕಿಗಳನ್ನು ಸಾರ್ವಜನಿಕರ ಮುಂದೆ ಇಡಲಿ. ಆಯೋಗ ಕಂತು ಸೇರಿಸಲು ಅನುಮತಿ ಕೊಡಬೇಕು, ಇಂಧನ ಇಲಾಖೆ ಗೃಹಜ್ಯೋತಿಯ ಹಣದಿಂದ ಕಂತು ತೆರಲು ಆದೇಶ ಹೊರಡಿಸಬೇಕು, ಕೆನರಾ ಬ್ಯಾಂಕಿನಂಥ ನಮ್ಮದೇ ಬ್ಯಾಂಕು 2003ರಲ್ಲಿ ತೋರಿದ ಧೈರ್ಯವನ್ನು ಇನ್ನೊಮ್ಮೆ ತೋರಬೇಕು. ಸೂರ್ಯಘರ್ ಸಹಾಯಧನದ ಅವಧಿ 2026–27ಕ್ಕೆ ಮುಗಿಯುತ್ತದೆ. ಅಷ್ಟರೊಳಗೆ ದಾರಿ ಮಾಡದಿದ್ದರೆ, ಈ ನಗರವನ್ನು ದುಡಿದು ಕಟ್ಟುತ್ತಿರುವ ಬಾಡಿಗೆ ಮನೆಯವರ ಪಾಲಿನ ಹಣ ಸ್ವಂತ ಮನೆ ಹೆಚ್ಚಿರುವ ಬೇರೆ ರಾಜ್ಯಗಳ ತಾರಸಿಗೆ ಹೋಗಿ ಸೇರುತ್ತದೆ.